ದೀಪದಮ್ಮನ ಕಾರು

ಹೊನ್ನಾವರದ ಹೆದ್ದಾರಿ ಪಕ್ಕದಲ್ಲಿರುವ ನನ್ನ ಗ್ಯಾರೇಜಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆಸಿದ್ದೇನೆ: ‘ಇಲ್ಲಿ ಡೂಪ್ಲಿಕೇಟ್ ಸಾಮಾನು ಹಾಕುವುದಿಲ್ಲ.’ ಇಪ್ಪತ್ತೆರಡು ವರ್ಷದಿಂದ ಆ ಬೋರ್ಡು ಅಲ್ಲೇ ಇದೆ. ಅದರಿಂದ ನಾನು ಕಳೆದುಕೊಂಡ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿದರೆ ಶರಾವತಿ ಸೇತುವೆಯ ಆಚೆ ತುದಿ ಮುಟ್ಟುತ್ತದೆ. ಅಪ್ಸರಕೊಂಡಕ್ಕೆ ಹೊರಟ ಪ್ರವಾಸಿಗರು ಹೊಗೆಯಾಡುವ ಕಾರು ತಂದು ನಿಲ್ಲಿಸಿ, “ಏನಾದ್ರೂ ಹಾಕ್ಕೊಡಿ, ಸಂಜೆವರೆಗೆ ಓಡಿದ್ರೆ ಸಾಕು” ಎನ್ನುತ್ತಾರೆ. ಸಂಜೆವರೆಗೆ ಓಡಲು ಅದೇನು ಬಾಡಿಗೆ ಸೈಕಲ್ಲೇ? ಅಂಥವರನ್ನು ನಾನು ಬೈದೇ ಕಳಿಸುವುದು. ಇಂಥ ನಾನು, ದೇವರಾಜ ಹರಿಕಂತ್ರ, ಕಳೆದ ನವೆಂಬರಿನ ಒಂದು ಮಧ್ಯಾಹ್ನ ನನ್ನ ಹೆತ್ತ ತಾಯಿ ಪೂಜೆ ಮಾಡುವ ದೇವರಿಗೇ ಡೂಪ್ಲಿಕೇಟ್ ಹಾಕಲು ಹೊರಟಿದ್ದೆ. ಅದು ಹೇಗಾಯಿತು ಎಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಎಲ್ಲದಕ್ಕೂ ಮೂಲ ಕುಮಟೆಯ ತ್ರ್ಯಂಬಕ ಹೆಗಡೇರ ಕಾರು. ಹೆಗಡೇರು ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮಿರ್ಜಾನದ ಕಡೆ ತೋಟ. ಅವರ ಅಜ್ಜ ಅಡಿಕೆ ವ್ಯಾಪಾರದ ಮೇಲೆ ಮುಂಬೈಗೆ ಹೋದವರು 1929ರಲ್ಲಿ ಒಂದು ‘ಥಾರ್ನ್‌ಬರಿ-ವೇಲ್’ ಟೂರಿಂಗ್ ಕಾರು ಕೊಂಡು, ಹಡಗಿಗೆ ಹೇರಿಸಿ ತಂದರಂತೆ. ಉದ್ದ ಮೂತಿ, ಮಡಚುವ ಬಟ್ಟೆಯ ಹುಡ್ಡು, ಕಡ್ಡಿ ಚಕ್ರ, ಮುಂದೆ ಹಿತ್ತಾಳೆ ಕೊಡದಷ್ಟು ದೊಡ್ಡ ಎರಡು ದೀಪ. ಇಂಗ್ಲೆಂಡಿನ ಆ ಕಂಪನಿ ಹದಿನೆಂಟು ವರ್ಷ ನಡೆದು ಬಾಗಿಲು ಹಾಕಿತು. ವೇಲ್ ಎಂಬ ಮೇಸ್ತ್ರಿ ಪ್ರತಿ ಎಂಜಿನ್ನನ್ನೂ ಕೈಯಾರೆ ಕೂಡಿಸುತ್ತಿದ್ದನಂತೆ, ಕೂಡಿಸಿದ ಮೇಲೆ ಮರದ ಕೋಲೊಂದನ್ನು ಎಂಜಿನ್ನಿಗೂ ಕಿವಿಗೂ ಹಚ್ಚಿ ಕೇಳುತ್ತಿದ್ದನಂತೆ, ಸದ್ದು ಮನಸ್ಸಿಗೆ ಬಾರದಿದ್ದರೆ ಮತ್ತೆ ಪೂರಾ ಬಿಚ್ಚುತ್ತಿದ್ದನಂತೆ. ಹೀಗೆ ಮಾಡಿದರೆ ಕಂಪನಿ ಮುಳುಗದೆ ಇನ್ನೇನಾದೀತು? ಆದರೂ ಆ ಮನುಷ್ಯನ ಮೇಲೆ ನನಗೆ ಮೊದಲ ದಿನವೇ ಪ್ರೀತಿ ಹುಟ್ಟಿತು. ಒಟ್ಟು ನಾನೂರು ಚಿಲ್ಲರೆ ಕಾರು ಮಾಡಿದ್ದರು, ಅದರಲ್ಲಿ ಈಗಲೂ ಓಡುವವು ಮೂವತ್ತೊಂದು.

ಮೂವತ್ತೆರಡನೆಯದು ಹೆಗಡೇರ ಕೊಟ್ಟಿಗೆಯಲ್ಲಿ ತೆಂಗಿನಕಾಯಿ ರಾಶಿಯ ಕೆಳಗಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಏಳೋ ಎಂಟೋ ಬಾಣಂತನ ಮುಗಿಸಿತ್ತು. ಆರು ವರ್ಷ ನಾನು ಆ ಕಾರಿನ ಕೆಳಗೆ ಮಲಗಿದೆ. ಭಟ್ಕಳದ ಹಿರಿಯ ದರ್ಜಿಯೊಬ್ಬರು ಹಳೆಯ ಹುಡ್ಡಿನ ಹೊಲಿಗೆ ಎಣಿಸಿ, ಹೊಸದಕ್ಕೂ ಅಷ್ಟೇ ಹೊಲಿಗೆ ಹಾಕಿಕೊಟ್ಟರು. ಇಲ್ಲಿ ಸಿಕ್ಕದ ಸಾಮಾನನ್ನು ಇಂಗ್ಲೆಂಡಿನ ಟ್ರಸ್ಟಿನಿಂದ ತರಿಸಿದೆವು. ಕಂಪನಿಯ ನೆನಪು ಅಳಿಯಬಾರದೆಂದು ಅದನ್ನು ನಡೆಸಿದ ಮನೆತನದವರೇ ಕಟ್ಟಿದ ಟ್ರಸ್ಟು ಅದು. ಅವರ ಹತ್ತಿರ ಒಂದು ರಿಜಿಸ್ಟರು ಇದೆ. ಬದುಕಿರುವ ಒಂದೊಂದು ಕಾರಿಗೂ ಒಂದೊಂದು ಪುಟ, ಪುಟದ ತಲೆಗೆ ಎಂಜಿನ್ ಕೂಡಿಸಿದ ವೇಲ್ ಹೆಸರು, ಬುಡಕ್ಕೆ ಆ ಕಾರನ್ನು ಮತ್ತೆ ಎಬ್ಬಿಸಿದವನ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದ ನನ್ನ ಹೆಸರು ಆ ಬುಡದಲ್ಲಿ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಅಡ್ಡಿ ಒಂದೇ. ಕಾರಿನ ಮೂತಿಯ ಮೇಲೆ, ರೇಡಿಯೇಟರಿನ ಮುಚ್ಚಳಕ್ಕೆ ಸೇರಿಸಿದ ಗೇಣುದ್ದದ ಕಂಚಿನ ಮೂರ್ತಿ ಇರಬೇಕಿತ್ತು. ಅದು ಇರಲಿಲ್ಲ. ಟ್ರಸ್ಟಿನ ಕಾನೂನು ಖಡಕ್ಕು, ಮೂಲ ಮೂರ್ತಿ ಇಲ್ಲದ ಕಾರಿಗೆ ರಿಜಿಸ್ಟರಿನಲ್ಲಿ ಪುಟ ಇಲ್ಲ.

ಆ ಮೂರ್ತಿ ಹೋದದ್ದು ಶರಾವತಿಯಲ್ಲಿ. ಸೇತುವೆ ಆಗುವ ಮೊದಲು ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಕಾರು ಬಸ್ಸುಗಳನ್ನು ದಾಟಿಸುತ್ತಿದ್ದರು. ಹೆಗಡೇರ ಅಪ್ಪ ಹರೆಯದಲ್ಲಿ ಒಂದು ದಿನ, ಮನೆಯಲ್ಲಿ ಕೇಳದೆ ಕಾರು ತಂದು, ಜಂಗಲ್ ಮೇಲೆ ಬ್ರೇಕು ಬಿಟ್ಟು, ಎದುರಿನ ಕಂಬಕ್ಕೆ ಗುದ್ದಿಸಿದರು. ಮೂರ್ತಿ ಮುಚ್ಚಳದ ಸಮೇತ ಕಿತ್ತು ಹೊಳೆಗೆ ಬಿತ್ತು. ಮನೆಗೆ ಹೋಗಿ “ಮಂಗ ಕಿತ್ತುಕೊಂಡು ಹೋಯಿತು” ಎಂದರಂತೆ. ಅಜ್ಜ ಸಾಯುವವರೆಗೂ ಮಂಗಗಳಿಗೆ ಶಾಪ ಹಾಕಿದರು. ಸುಳ್ಳಿನ ಭಾರ ತಾಳಲಾರದೆ ಅಪ್ಪ ಕೆಲವು ವರ್ಷದ ಮೇಲೆ, ಹೊಳೆ ಆಚೆಯ ನಮ್ಮ ಕೇರಿಯಲ್ಲಿ ಆಗಷ್ಟೇ ಹೆಸರು ಮಾಡುತ್ತಿದ್ದ ದೀಪದಮ್ಮನಿಗೆ ಗುಟ್ಟಾಗಿ ಹರಕೆ ಹೊತ್ತರು. ನೀರಿನಲ್ಲಿ ಕಳೆದದ್ದನ್ನು ಮರಳಿ ಕೊಡಿಸುವ ದೇವಿ ಅವಳು. ಮೂರ್ತಿ ಸಿಗಲೆಂದು ವರ್ಷಕ್ಕೊಂದು ಕಾಯಿ ಒಡೆಸುತ್ತಿದ್ದರು. ಅವರ ನಂತರ ಮಗ ತ್ರ್ಯಂಬಕ ಹೆಗಡೇರು ಅದನ್ನೇ ನಡೆಸಿಕೊಂಡು ಬಂದರು.

ದೀಪದಮ್ಮನ ಪೂಜೆ ನಮ್ಮ ಮನೆಯದು. ನನ್ನ ಅಜ್ಜ ಈರನ ಬಲೆಗೆ ಹೊಳೆಬಾಯಿಯಲ್ಲಿ ಸಿಕ್ಕಿದವಳು ಅವಳು. ಬಲೆಗೆ ಮೀನು ಬಂದರೆ ಮಾರುತ್ತೇವೆ, ಮೂರ್ತಿ ಬಂದರೆ ಕೂರಿಸುತ್ತೇವೆ, ನಮ್ಮಲ್ಲಿ ಅದರ ಮೇಲೆ ಚರ್ಚೆ ಇಲ್ಲ. ಬಲಗೈಯಲ್ಲಿ ದೀಪ, ಎಡಗೈ ಹುಬ್ಬಿನ ಮೇಲೆ, ದೃಷ್ಟಿ ದೂರಕ್ಕೆ. ಹೋದ ದೋಣಿ ಬಂತೇ ಎಂದು ನೋಡುವ ಹೆಂಗಸಿನ ನಿಲುವು ಅದು. ನಮ್ಮ ಕೇರಿಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಜ್ಜ ದಂಡೆಯ ಮೇಲೆ ಗುಡಿ ಕಟ್ಟಿ, ಅವಳನ್ನು ಸಿಮೆಂಟಿನಲ್ಲಿ ನಿಲ್ಲಿಸಿ, ಬೆಳ್ಳಿಯ ಮುಖವಾಡ ಹಾಕಿಸಿ, ಕೆಂಪು ಸೀರೆ ಉಡಿಸಿದ. ಮುಖವಾಡ, ಸೀರೆ ತೆಗೆಯುವುದು ವರ್ಷಕ್ಕೊಮ್ಮೆ, ಮೀಯಿಸುವ ದಿನ, ಮನೆಯವರ ಎದುರು ಮಾತ್ರ. ಕಾಲ ಬುಡದಲ್ಲಿ ಸವೆದ ನಾಲ್ಕು ಅಕ್ಷರ ಇದ್ದವು. ಬೀಜಾಕ್ಷರ ಎಂದು ಅಜ್ಜ ಹೇಳಿದ್ದ, ನಾವು ಅದಕ್ಕೂ ಕುಂಕುಮ ಹಚ್ಚುತ್ತಿದ್ದೆವು.

ನವೆಂಬರಿನಲ್ಲಿ ಟ್ರಸ್ಟಿನ ಪತ್ರ ಬಂತು. ಹದಿನೈದು ದಿನ ಬಿಟ್ಟು ಬರುವ ಮಂಗಳವಾರ ಮಿಸ್ ವೇಲ್ ಎಂಬವರು ಕಾರು ನೋಡಲು ಬರುತ್ತಾರೆ, ಮೂರ್ತಿಯನ್ನು ಇನ್ನೊಮ್ಮೆ ಹುಡುಕಿ ಎಂದು ಬರೆದು, ಮೂಲ ಮೂರ್ತಿಯ ಫೋಟೋ ಕಳಿಸಿದ್ದರು. ಹೆಗಡೇರು ಅದನ್ನು ನನ್ನ ಫೋನಿಗೆ ಹಾಕಿದರು. ಆರು ವರ್ಷ ನಾನು ಎಂಜಿನ್ನಿನ ಫೋಟೋ ನೋಡಿದವನೇ ಹೊರತು ಗೊಂಬೆಯ ಫೋಟೋ ನೋಡಲು ಪುರುಸೊತ್ತಿರಲಿಲ್ಲ. ಚಹಾ ಕುಡಿಯುತ್ತ ಫೋಟೋ ದೊಡ್ಡದು ಮಾಡಿದೆ. ಒಂದು ಕೈಯಲ್ಲಿ ದೀಪ. ಒಂದು ಕೈ ಹುಬ್ಬಿನ ಮೇಲೆ. ಬುಡದಲ್ಲಿ ಬೀಜಾಕ್ಷರ: ಇಂಗ್ಲಿಷಿನ ಟಿ, ವಿ, ಅದರ ಮುಂದೆ ಎರಡು ಅಂಕೆ. ಚಹಾ ಮೂಗಿಗೆ ಹತ್ತಿತು.

ದೇವರ ಕಾಲಡಿ ಕಂಪನಿಯ ನಂಬರು ಇರುತ್ತದೆ ಎಂದು ಯಾರಾದರೂ ಎಣಿಸುತ್ತಾರೆಯೇ? ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಹೆಗಡೇರ ಕತೆ. ತಂದೆ ಮಗ ಇಬ್ಬರೂ ಐವತ್ತು ವರ್ಷ ಅವಳ ಎದುರಿಗೇ ನಿಂತು ಅವಳನ್ನೇ ಹುಡುಕಿಕೊಡು ಎಂದು ಬೇಡಿದ್ದಾರೆ. ಕೈ ಮುಗಿಯುವವರು ಕಣ್ಣು ಮುಚ್ಚುತ್ತಾರೆ, ಅದೇ ತೊಂದರೆ.

ಹೆಗಡೇರಿಗೆ ನಾನು ಏನೂ ಹೇಳಲಿಲ್ಲ. ಅವ್ವಿಗೂ ಹೇಳಲಿಲ್ಲ. ಅವ್ವಿ ಎಂದರೆ ನನ್ನ ತಾಯಿ ಗಂಗೆ, ಹಗಲು ಮೀನು ಮಾರಿ ಸಂಜೆ ದೀಪದಮ್ಮನಿಗೆ ದೀಪ ಹಚ್ಚುವವಳು. ನಿಜ ಹೇಳಬೇಕೆಂದರೆ ದೀಪದಮ್ಮನಿಗೂ ನನಗೂ ಅಷ್ಟಕ್ಕಷ್ಟೆ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ನನ್ನ ಅಪ್ಪ ಸಮುದ್ರಕ್ಕೆ ಹೋದವನು ಬರಲಿಲ್ಲ. ದೋಣಿಯೂ ಬರಲಿಲ್ಲ. ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ಇವಳು ನೋಡಿದ್ದಾದರೂ ಏನು ಎಂದು ಅಂದೇ ಸಿಟ್ಟಾಗಿ, ನಾನು ಬಲೆ ಬಿಟ್ಟು ಪಾನಾ ಹಿಡಿದವನು. ಕೆಲಸ ಮಾಡದ ಸಾಮಾನನ್ನು ಬದಲಿಸುವುದು ನನ್ನ ಕಸುಬು. ಕುಮಟೆಯ ಮಾಬ್ಲ ಆಚಾರಿಗೆ ಫೋಟೋ ತೋರಿಸಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿ, ಅಂಥದೇ ಒಂದು ಹಿತ್ತಾಳೆ ಮೂರ್ತಿ ಎರಕ ಹೊಯ್ಯಿಸಿದೆ. ಒರಿಜಿನಲ್ ಕಾರಿಗೆ, ಡೂಪ್ಲಿಕೇಟ್ ಗುಡಿಗೆ. ಮುಖವಾಡ ಹಾಕಿ ಸೀರೆ ಉಡಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಅವ್ವಿ ಮೀನು ಪೇಟೆಯಲ್ಲಿರುವ ಹೊತ್ತು ನೋಡಿ ಗುಡಿಗೆ ಹೋದೆ. ಸೀರೆ ಬಿಚ್ಚಿಟ್ಟು, ತಪ್ಪಾಯಿತು ಎಂದು ಒಂದು ಮಾತು ಹೇಳಿ, ಉಳಿ ಸುತ್ತಿಗೆ ತೆಗೆದು ಸಿಮೆಂಟಿಗೆ ಎರಡು ಏಟು ಹಾಕಿದ್ದೆ. ಹಿಂದಿನಿಂದ ಬಂಗುಡೆಯ ವಾಸನೆ ಬಂತು.

“ಎಂತ ಮಾಡ್ತೇ ಇದ್ಯೋ?” ಎಂದಳು ಅವ್ವಿ. ಅವತ್ತು ಮೀನು ಬೇಗ ಖಾಲಿಯಾಗಿತ್ತು, ನನ್ನ ಗ್ರಹಚಾರ.

“ಸರ್ವಿಸಿಂಗ್” ಎಂದೆ.

“ದೇವ್ರಿಗಾ?”

“ಹೌದೆ. ಕೂರ್ಸಿ ಎಷ್ಟು ವರ್ಷ ಆತು ನೋಡು. ಬುಡ ಸಡ್ಲ ಆಗಿರ್ತದೆ.”

ಅವ್ವಿ ಬುಟ್ಟಿ ಇಳಿಸಿದಳು. ನನ್ನ ಚೀಲಕ್ಕೆ ಕೈ ಹಾಕಿ, ಪಳಪಳ ಹೊಳೆಯುವ ಹಿತ್ತಾಳೆ ಮೂರ್ತಿಯನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಬೈದರೆ ತಡೆದುಕೊಳ್ಳುತ್ತಿದ್ದೆ, ನಾನೂ ಬೈಯುವುದರಲ್ಲಿ ಕಡಿಮೆಯಿಲ್ಲ.

“ನಂಗೆ ಓದೂಕೆ ಬರೂದಿಲ್ಲ ಮಗಾ. ಆದ್ರೆ ನಿನ್ನ ಬೋರ್ಡಲ್ಲಿ ಎಂತ ಬರ್ದದೆ ಅಂತ ಊರಿಗೆಲ್ಲ ಗೊತ್ತದೆ” ಎಂದಳು.

ಭೂಮಿ ಬಾಯಿ ಬಿಟ್ಟಿದ್ದರೆ ಉಳಿ ಸುತ್ತಿಗೆ ಸಮೇತ ಒಳಗೆ ಹೋಗುತ್ತಿದ್ದೆ. ಅಲ್ಲೇ ಕೂತು ಕಾರು, ಹೊಳೆ, ಮಂಗ, ಫೋಟೋ, ರಿಜಿಸ್ಟರು ಎಲ್ಲವನ್ನೂ ಹೇಳಿದೆ. ಅವ್ವಿ ಫೋಟೋ ನೋಡಿದಳು, ದೀಪದಮ್ಮನನ್ನು ನೋಡಿದಳು.

“ಇಷ್ಟೇಯಾ? ಹೋಗೂದೋ ಇರೂದೋ ಅವ್ಳನ್ನೇ ಕೇಳಿದ್ರಾತು. ಮಂಗಳವಾರ ಪ್ರಸಾದ ಕೇಳ್ವ. ಅದಕ್ಕೆ ಉಳಿ ಎಂತಕ್ಕೆ ಬೇಕು?”

ಪ್ರಸಾದ ಕೇಳುವುದೆಂದರೆ, ದೇವಿಯ ಎರಡೂ ಕೈಗೆ ಒದ್ದೆ ಮಾಡಿದ ಕೇಪಳದ ಹೂ ಅಂಟಿಸಿ ಪ್ರಶ್ನೆ ಇಡುವುದು. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಮದುವೆ, ಬಾವಿ, ದೋಣಿ, ಎಲ್ಲದಕ್ಕೂ ನಮ್ಮವರಿಗೆ ಇದೇ ಹೈಕೋರ್ಟು. ಮೂರು ಸಲ ಕೇಳಬಹುದು, ನಾಲ್ಕನೆಯ ಸಲ ಕೇಳಿದರೆ ದೇವಿಗೆ ಸಿಟ್ಟು ಬರುತ್ತದೆ.

ಮರುದಿನ ಕುಮಟೆಗೆ ಹೋಗಿ ಹೆಗಡೇರಿಗೆ ಹೇಳಿದೆ. ಹೆಗಡೇರು ನಮ್ಮ ಹತ್ತಿರ ಪುಸ್ತಕದ ಕನ್ನಡ ಮಾತಾಡುತ್ತಾರೆ. ತಲೆ ಕೆಟ್ಟಾಗ ಮಾತ್ರ ಅವರ ಬಾಯಿಗೆ ಮನೆಮಾತು ಬರುತ್ತದೆ.

“ಅಯ್ಯೋ ರಾಮಾ! ಆನು ವರ್ಷಾ ವರ್ಷಾ ಪ್ರಸಾದ ಕೇಳಿದ್ದಿ ಮಾರಾಯಾ! ಮೂರ್ತಿ ಸಿಕ್ತಾ ತಾಯೀ ಹೇಳಿ ಕೇಳಿರೆ, ಪ್ರತಿ ಸಲವೂ ಬಲದ್ದೇ ಬೀಳ್ತಿತ್ತು! ಇಲ್ಲೇ ಇದ್ದಿ, ಇಲ್ಲೇ ಇದ್ದಿ ಹೇಳಿ ಅದು ಹೇಳ್ತಾನೇ ಇದ್ದಿತ್ತು!” ಎಂದು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಅಪ್ಪನ ಫೋಟೋದ ಕಡೆ ತಿರುಗಿ, “ಮಂಗನಡ, ಮಂಗ!” ಎಂದು ಹಲ್ಲು ಕಡಿದರು.

ಮಂಗಳವಾರ ಮಿಸ್ ವೇಲ್ ನನ್ನ ಗ್ಯಾರೇಜಿಗೆ ಬಂದರು. ಎಪ್ಪತ್ತು ದಾಟಿದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಜೇಬಿನ ತುಂಬ ಟಾರ್ಚು, ಅಳತೆ ಟೇಪು, ಪೆನ್ಸಿಲು. ಯಾವಳೋ ದೊರೆಸಾನಿ ಬಂದು ನನ್ನ ಕೆಲಸ ನೋಡುವುದೇ ಎಂದು ನಾನು ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ಅವರು ನೆಲಕ್ಕೆ ಗೋಣಿ ಹಾಸಿ ಸೀದಾ ಕಾರಿನ ಕೆಳಗೆ ಹೋದರು. ಅರ್ಧ ತಾಸು ಬಿಟ್ಟು ಹೊರಬಂದು, ಎಂಜಿನ್ ಚಾಲೂ ಮಾಡಿಸಿ, ಚೀಲದಿಂದ ಒಂದು ಹಳೆಯ ಮರದ ಕೋಲು ತೆಗೆದು ಎಂಜಿನ್ನಿಗೆ ಹಚ್ಚಿ ಕಿವಿ ಇಟ್ಟರು. ಅವರು ಕೋಲು ನನ್ನ ಕೈಗೆ ಕೊಟ್ಟು, ನೀನೂ ಕೇಳು ಎನ್ನುವಂತೆ ಸನ್ನೆ ಮಾಡಿದರು. ವೇಲ್ ಮೇಸ್ತ್ರಿಯ ಮೊಮ್ಮಗಳು ಅವರು, ಕೋಲು ಅಜ್ಜನದ್ದು. ನನ್ನ ಮುಖದ ಗಂಟು ಅಲ್ಲೇ ಬಿಚ್ಚಿತು.

“ಮೂರ್ತಿ?” ಎಂದು ಕೇಳಿದರು.

ಹೆಗಡೇರು ಗಂಟಲು ಸರಿಮಾಡಿಕೊಂಡು ತಮ್ಮ ಹೆಡ್‌ಮಾಸ್ತರ್ ಇಂಗ್ಲಿಷಿನಲ್ಲಿ, ಮೂರ್ತಿ ಹೊಳೆ ಆಚೆ ಇದೆ, ಬರುವುದೋ ಬಿಡುವುದೋ ಎಂದು ಅದೇ ಹೇಳಬೇಕು ಎಂದರು. ಮಿಸ್ ವೇಲ್ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹುಡ್ಡು ಇಳಿಸಿ ಕಾರಿನಲ್ಲೇ ಹೊರಟೆವು. ನಾನು ಸ್ಟೇರಿಂಗಿಗೆ, ಪಕ್ಕದಲ್ಲಿ ಮಿಸ್ ವೇಲ್, ಹಿಂದೆ ಹೆಗಡೇರು ಕಾಯಿ ಹಣ್ಣಿನ ತಟ್ಟೆ ಹಿಡಿದುಕೊಂಡು. ಸೇತುವೆ ಮೇಲೆ ಲಾರಿಯವರು ಹಾರ್ನು ಹೊಡೆದದ್ದೇ ಹೊಡೆದದ್ದು. ಮೀನಿನ ಟೆಂಪೋದವನೊಬ್ಬ “ದಿಬ್ಬಣ ಯಾವ ಊರಿಗೆ?” ಎಂದು ಕೇಳಿದ. ಗುಡಿಯ ಎದುರು ಕೇರಿಗೆ ಕೇರಿಯೇ ಸೇರಿತ್ತು. ಕಾರಿನ ಮೂತಿ ಗುಡಿಯ ಕಡೆ ಮಾಡಿ ನಿಲ್ಲಿಸಿದೆ.

ಅವ್ವಿ ಅಂದು ಮುಖವಾಡ ತೆಗೆದಳು. “ಇದು ಮುಖ ಮುಚ್ಕೊಂಡು ಹೇಳೂ ಮಾತಲ್ಲ” ಎಂದಳು. ಎರಡೂ ಕೈಗೆ ಹೂ ಅಂಟಿಸಿ, “ತಾಯೀ, ಹೆಗಡೇರು ನಿನ್ನ ಕರೂಕೆ ಬಂದಿದ್ದಾರೆ. ಕಾರ ಮೇಲೆ ಹೋಗ್ತ್ಯಾ?” ಎಂದು ಕೇಳಿದಳು.

ಎಡದ ಹೂ ಬಿತ್ತು.

“ಗಾಳಿಗೆ ಬಿದ್ದದ್ದು, ಲೆಕ್ಕಕ್ಕಿಲ್ಲ” ಎಂದರು ಹೆಗಡೇರು. ಎರಡನೆಯ ಸಲ ಗಾಳಿಗೆ ಅಡ್ಡವಾಗಿ ಅವರೇ ನಿಂತರು. ನಿಂತು, ಬಾಯಿ ಸಣ್ಣ ಮಾಡಿ ಬಲದ ಹೂವಿನ ಕಡೆ ಮೆಲ್ಲಗೆ ಊದಿದ್ದನ್ನು ನಾನು ಕಣ್ಣಾರೆ ಕಂಡೆ. ಆದರೂ ಬಿದ್ದದ್ದು ಎಡದ್ದೇ.

ನನ್ನ ಪುಟ ಹೋಯಿತು. ಆರು ವರ್ಷ ಹೊಳೆಗೆ ಹಾಕಿದ ಹಾಗಾಯಿತು.

ಅಷ್ಟು ಹೊತ್ತಿಗೆ ಮಿಸ್ ವೇಲ್ ಗುಡಿಯ ಮೆಟ್ಟಿಲ ಮೇಲೆ ಮಂಡಿಯೂರಿದ್ದರು. ಸವೆದ ಮುಖ, ಕುಂಕುಮ, ಕೆಂಪು ಸೀರೆ, ಎಲ್ಲವನ್ನೂ ನೋಡಿ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. “ಇದು ನನ್ನ ಅಜ್ಜಿ” ಎಂದರು. ಹೆಗಡೇರು ಅದನ್ನು ಕನ್ನಡಕ್ಕೆ ತರಲು ಎರಡು ಸಲ ಬಾಯಿ ತೆರೆದು ಮುಚ್ಚಿದರು.

ಕತೆ ಇಷ್ಟು. ವೇಲ್ ಮೇಸ್ತ್ರಿ ಮೊದಲ ಕಾರನ್ನು ಪರೀಕ್ಷೆಗೆ ಓಡಿಸಿದ ದಿನ ದಟ್ಟ ಮಂಜು ಕವಿದು ದಾರಿ ಕಾಣದಾಯಿತಂತೆ. ಹೆಂಡತಿ ಈಡಿತ್ ಲಾಟೀನು ಹಿಡಿದು ಗೇಟಿನಲ್ಲಿ ಬೆಳಗಿನವರೆಗೆ ನಿಂತಿದ್ದಳಂತೆ. ಆಮೇಲೆ ಮೇಸ್ತ್ರಿ ತಾನು ಮಾಡಿದ ಪ್ರತಿ ಕಾರಿನ ಮೇಲೂ ಅವಳನ್ನೇ ನಿಲ್ಲಿಸಿದ.

ಹೆಗಡೇರು ಹೇಳಿ ಮುಗಿಸುವುದರೊಳಗೆ ಅವ್ವಿ ಕೇಳಿದಳು: “ಗಂಡ ಬಂದ್ನಾ?”

ಕೇರಿಯ ಹೆಂಗಸರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಹೆಗಡೇರು ಇಂಗ್ಲಿಷಿನಲ್ಲಿ ಕೇಳಿ, ಉತ್ತರ ತಂದರು. “ಬಂದನಂತೆ. ಕಾರು ಕೆಟ್ಟು, ತಳ್ಳಿಕೊಂಡು ಬಂದನಂತೆ.”

“ಬಂದ್ನಂತ್ಯೇ!” ಎಂದು ಹಿಂದಿನ ಸಾಲಿನವರೆಗೆ ಸುದ್ದಿ ಹೋಯಿತು. ಆ ಮೇಸ್ತ್ರಿ ನಿನ್ನೆ ತಾನೇ ದಡ ಹತ್ತಿದನೋ ಎಂಬಷ್ಟು ಖುಷಿ ಎಲ್ಲರಿಗೂ.

ಮಿಸ್ ವೇಲ್ ಅವ್ವಿಯ ಕೈ ಹಿಡಿದು ಏನೋ ಕೇಳಿದರು. ಹೆಗಡೇರು ತಲೆ ತಗ್ಗಿಸಿ, “ನಿನ್ನ ಗಂಡ ಎಲ್ಲಿ ಅಂತ ಕೇಳ್ತಾರೆ, ಗಂಗೆ” ಎಂದರು.

ಅವ್ವಿ ಸಮುದ್ರದ ಕಡೆ ನೋಡಿದಳು. “ಇನ್ನೂ ಬರ್ಲಿಲ್ಲ” ಎಂದಳು.

ಇಪ್ಪತ್ತೇಳು ವರ್ಷವಾಗಿದೆ. ಎಲ್ಲ ಕ್ರಿಯೆ ಮುಗಿಸಿದ್ದೇವೆ. ಅವಳೂ ಆಸೆ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ, ದಿನಾ ಸಂಜೆ ದೀಪ ಹಚ್ಚುವುದು ಬರೀ ರೂಢಿ ಎಂದುಕೊಂಡಿದ್ದೆ. ಕೆಲಸ ಮಾಡದ ಸಾಮಾನು ಎಂದು ನಾನು ಕೀಳಲು ಹೊರಟದ್ದು ಇದನ್ನು. ನನಗೆ ಅಳು ಬಂತು, ಕೇರಿಯವರೆಲ್ಲರ ಎದುರು, ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡೆ.

ಅವ್ವಿ ನನ್ನ ಕಡೆ ನೋಡಲೂ ಇಲ್ಲ. ಅವಳಿಗೆ ಮೂರನೆಯ ಪ್ರಶ್ನೆ ಬಾಕಿ ಇತ್ತು. ಹೊಸ ಹೂ ಅಂಟಿಸಿ, ಕಾರನ್ನು ಒಮ್ಮೆ ಆಚೆ ತುದಿಯಿಂದ ಈಚೆ ತುದಿವರೆಗೆ ನೋಡಿ ಕೇಳಿದಳು: “ತಾಯೀ, ಗಣಪತಿಗೆ ಇಲಿ ಇದೆ, ಈಶ್ವರಗೆ ಬಸವ ಇದೆ. ನಿಂಗೆ ಮಾತ್ರ ಇಷ್ಟು ವರ್ಷ ಬರಿಗಾಲು. ಈಗ ನಿನ್ನ ಕಾರು ನಿನ್ನ ಹುಡಿಕ್ಕೊಂಡು ಬಂದದೆ. ಇಟ್ಕೊಳ್ತ್ಯಾ?”

“ಏ, ಏ, ಕಾರು ಯನ್ನದು!” ಎಂದು ಹೆಗಡೇರು ತಟ್ಟೆ ಸಮೇತ ಎದ್ದು ನಿಂತರು.

ಬಲದ ಹೂ ಬಿತ್ತು. ಬಿದ್ದದ್ದು ಎಂದರೆ ಸಾಲದು, ಹಾರಿ ಹೆಗಡೇರ ತಟ್ಟೆಯಲ್ಲೇ ಬಿತ್ತು. ಕೇರಿಯವರು ಹೋ ಎಂದು ಕೂಗಿದರು. ಹೆಗಡೇರು ಹೂವನ್ನು ನೋಡಿದರು, ಕಾರನ್ನು ನೋಡಿದರು, ಐವತ್ತು ವರ್ಷದ ಕಾಯಿಗಳನ್ನು ಮನಸ್ಸಿನಲ್ಲೇ ನೆನೆದಿರಬೇಕು. ಕೊನೆಗೆ ಹೂ ಎತ್ತಿ ಕಿವಿಗೆ ಇಟ್ಟುಕೊಂಡು, “ಆತು. ಆದರೆ ರಾತ್ರಿ ಅವಳ ಕಾರು ನನ್ನ ಕೊಟ್ಟಿಗೆಯಲ್ಲೇ ಮಲಗಲಿ. ಇಲ್ಲಿ ಉಪ್ಪು ಗಾಳಿ, ತುಕ್ಕು ಹಿಡಿಯುತ್ತದೆ” ಎಂದರು. ಅದಕ್ಕೆ ಯಾರದೂ ಆಕ್ಷೇಪ ಇರಲಿಲ್ಲ. ವರ್ಷಕ್ಕೊಮ್ಮೆ ಮೀಯಿಸುವ ದಿನ ಕಾರು ಗುಡಿಗೆ ಬರಬೇಕು ಎಂದು ತೀರ್ಮಾನವಾಯಿತು.

ಕಾರು ಮೂರ್ತಿಯದೇ ಆದ ಮೇಲೆ ಟ್ರಸ್ಟಿನ ಕಾನೂನಿಗೆ ಅಡ್ಡಿ ಉಳಿಯಲಿಲ್ಲ ಎಂದು, ಮಿಸ್ ವೇಲ್ ಕಾರಿನ ಮೂತಿಯ ಮೇಲೆ ರಿಜಿಸ್ಟರಿನ ಹಾಳೆ ಇಟ್ಟುಕೊಂಡು ಬರೆಯಲು ಶುರುಮಾಡಿದರು. ಮೂಲದ್ದಲ್ಲದ ಸಾಮಾನು ಏನಾದರೂ ಮಾಡಿಸಿದ್ದೀಯೇ ಎಂದು ನನ್ನನ್ನು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಅವ್ವಿ ಕೆಮ್ಮಿದಳು. ಚೀಲದಿಂದ ಹಿತ್ತಾಳೆ ಮೂರ್ತಿ ತೆಗೆದು ಮುಂದಿಟ್ಟೆ, ಯಾವುದಕ್ಕೆ ಮಾಡಿಸಿದ್ದು ಎಂಬುದನ್ನೂ ಹೇಳಿದೆ. ಹೆಗಡೇರು ಅದನ್ನು ಒಂದಕ್ಷರ ಬಿಡದೆ ಭಾಷಾಂತರ ಮಾಡಿದರು, ದ್ರೋಹಿ ಮನುಷ್ಯ. ಮಿಸ್ ವೇಲ್ ಗಹಗಹಿಸಿ ನಕ್ಕು, ಅದನ್ನು ತನಗೆ ಕೊಡು ಎಂದರು. ಅವ್ವಿ ಅದರ ಹಣೆಗೆ ಕುಂಕುಮ ಇಟ್ಟು, “ಅಜ್ಜಿ ಫೋಟೋ ಅಂತ ಇಟ್ಕೊ ಮಗಾ” ಎಂದು ಅವರ ಮಡಿಲಿಗೆ ಹಾಕಿದಳು. ನನ್ನ ಗ್ಯಾರೇಜಿನಿಂದ ಹೊರಹೋದ ಡೂಪ್ಲಿಕೇಟ್ ಅದೊಂದೇ.

ಹಾಳೆ ನನ್ನ ಕೈಗೆ ಬಂತು. ಬುಡದಲ್ಲಿ ನನ್ನ ಹೆಸರು ಇತ್ತು, ಊರಿನ ಹೆಸರಿನ ಸಮೇತ. ಆರು ವರ್ಷ ಕಾದ ಹೆಸರು. ಆದರೆ ನನ್ನ ಕಣ್ಣು ಅದರ ಮೇಲಿನ ಸಾಲಿನಲ್ಲೇ ನಿಂತಿತು. ಮೂರ್ತಿ ಎಂಬಲ್ಲಿ ಮಿಸ್ ವೇಲ್ ಬರೆದಿದ್ದರು: ‘ಮೂಲದ್ದೇ. ಕೆಲಸದ ಮೇಲಿದ್ದಾಳೆ.’

ಅವ್ವಿಗೆ ಓದಿ ಹೇಳಿದೆ.

“ಸರಿ ಬರ್ದಿದ್ದಾಳೆ” ಎಂದು ಅವಳು ಎಣ್ಣೆ ಬಟ್ಟಲು ಹುಡುಕಿದಳು. ಸಂಜೆಯಾಗಿತ್ತು. ಬತ್ತಿ ಹೊಸೆದು ಕೊಟ್ಟೆ, ಅವಳು ದೀಪ ಹಚ್ಚಿದಳು. ಕೇರಿಯ ದೋಣಿಗಳು ಒಂದೊಂದೇ ಹೊಳೆಬಾಯಿ ದಾಟಿ ಬರುತ್ತಿದ್ದವು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನೂ ಗುಡಿಯ ಮೆಟ್ಟಿಲ ಮೇಲೆ ನಿಂತು, ಹುಬ್ಬಿಗೆ ಕೈ ಹಚ್ಚಿ ನೋಡಿದೆ.